ಫಿಲ್ಟರ್ ಹೌಸಿನಲ್ಲಿ ನಾಲ್ಕು ಬೆಳಗು

ಬ್ಲೀಚಿಂಗ್ ಪುಡಿ ಒಂದು ಹಿಡಿ ಹೆಚ್ಚಾಗಿ ಕಾಲೊನಿಯ ಮೀಸೆಗಳೆಲ್ಲ ಒಂದೇ ದಿನ ಬೆಳ್ಳಗಾಗಬಹುದಿತ್ತು. ಒಂದು ಹಿಡಿ ಕಡಿಮೆಯಾಗಿ ಅದೇ ಮೀಸೆಗಳು ಹೊಟ್ಟೆ ಹಿಡಿದುಕೊಂಡು ದವಾಖಾನೆಯ ಮುಂದೆ ಸಾಲು ನಿಲ್ಲಬಹುದಿತ್ತು. ಪಟಿಕ ಜಾಸ್ತಿಯಾಗಿ ಎಲ್ಲರ ಬಾಯಿ ಒಗರಾಗಿ, ಮಾತೇ ಹೊರಡದೆ, ಅದೊಂದು ಅನುಕೂಲವೂ ಆಗಬಹುದಿತ್ತು. ಆದರೆ ದೂರು ಬರೆಯಲು ಬಾಯಿ ಬೇಕಾಗಿಲ್ಲ. ಮೋಟರು ಸುಡಬಹುದಿತ್ತು, ಅದರ ಜೊತೆ ನಾನೂ. ವಾಲ್ವಿನ ಚಕ್ರ ಕೈಗೇ ಕಿತ್ತು ಬಂದು, ಅದನ್ನು ಹಿಡಿದುಕೊಂಡು ನಾನು ಬಸ್ಸಿಲ್ಲದ ಡ್ರೈವರನ ಹಾಗೆ ನಿಂತಿರಬಹುದಿತ್ತು. ನೀರು ತಿಳಿಯಾಗುವ ತೊಟ್ಟಿಯೊಳಗೆ ನನ್ನ ಕನ್ನಡಕ ಬೀಳಬಹುದಿತ್ತು, ಕನ್ನಡಕ ಹುಡುಕಲು ಹೋಗಿ ನಾನು ಬೀಳಬಹುದಿತ್ತು, ನನ್ನನ್ನು ಹುಡುಕಲು ಯಾರೂ ಬಾರದೇ ಇರಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಕುಡಿಯುವ ನೀರಿನ ಪೈಪೂ ಗಟಾರದ ಪೈಪೂ ನೆಲದೊಳಗೆ ಎಲ್ಲೋ ಗುಟ್ಟಾಗಿ ಭೇಟಿಯಾಗಿ ಒಂದಾಗಿಬಿಡಬಹುದಿತ್ತು.

ಇವುಗಳಲ್ಲಿ ಯಾವುದೊಂದು ಆಗಿದ್ದರೂ ರಾಯಚೂರಿನ ಒಂದು ಕಲ್ಯಾಣ ಮಂಟಪದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಮದುಮಗಳ ಅಪ್ಪ ತನ್ನ ಪೇಟ ಬಿಚ್ಚಿಟ್ಟು ಹೈದರಾಬಾದಿನ ಬಸ್ಸು ಹತ್ತಬೇಕಾಗುತ್ತಿತ್ತು.

ಆ ಅಪ್ಪ ನಮ್ಮ ಫಿಲ್ಟರ್ ಹೌಸಿನ ಆಪರೇಟರು. ಉಪ್ಪಲ್ ಕಡೆಗಿದ್ದ ನಮ್ಮ ಕಾರ್ಖಾನೆ ಕಾಲೊನಿಗೆ ಅದರದೇ ನೀರಿನ ವ್ಯವಸ್ಥೆ ಇತ್ತು. ಮುಂದೆ ಫಿಲ್ಟರ್ ಹೌಸು, ಕುಡಿಯುವ ನೀರನ್ನು ಶುದ್ಧ ಮಾಡಲಿಕ್ಕೆ. ಅದರ ಹಿಂದೆ, ಬೇವಿನ ಮರಗಳ ಆಚೆ, ನಾವು ಕುಡಿದು, ತೊಳೆದು, ಮಿಂದು ಬಿಟ್ಟ ನೀರನ್ನು ತೋಟಕ್ಕಾಗುವಷ್ಟು ಮರ್ಯಾದಸ್ಥ ಮಾಡುವ ಗಟಾರದ ತೊಟ್ಟಿಗಳು. ಎರಡಕ್ಕೂ ಸೇರಿ ಆಪರೇಟರುಗಳ ಹುದ್ದೆ ನಾಲ್ಕು. ಒಬ್ಬರು ನಿವೃತ್ತರಾದರು. ಒಬ್ಬ ಕೊಲ್ಲಿ ದೇಶಕ್ಕೆ ಹೋಗಿ ಸಮುದ್ರದ ನೀರನ್ನು ಸಿಹಿ ಮಾಡುವ ಕೆಲಸ ಹಿಡಿದ. ಇನ್ನೊಬ್ಬ ವಾಸನೆಗೆ ಬೇಸತ್ತು ಕಾರ್ಖಾನೆಯ ಕ್ಯಾಂಟೀನಿಗೆ ವರ್ಗ ಮಾಡಿಸಿಕೊಂಡ. ಅಲ್ಲಿಯ ಸಾರು ತಿಂದವರು ಅವನಿಗೆ ವಾಸನೆ ಗೊತ್ತಾಗುವುದೇ ನಿಂತಿರಬೇಕು ಎನ್ನುತ್ತಿದ್ದರು. ಹೊಸ ನೇಮಕಾತಿ ಬಂದ್ ಆಗಿತ್ತು. ಒಮ್ಮೆ ಹೇಗೋ ಪರವಾನಗಿ ಸಿಕ್ಕು ಒಬ್ಬ ಬಿ.ಎಸ್ಸಿ. ಮನುಷ್ಯ ಬಂದ. ಫಿಲ್ಟರ್ ಹೌಸು ನೋಡಿ ಖುಷಿಪಟ್ಟ, ಬೇವಿನ ಮರಗಳ ಆಚೆ ಹೋಗಿ ನೋಡಿದ, ಊಟ ಮಾಡಿ ಬರುತ್ತೇನೆ ಅಂದ. ಆ ಊಟ ಇನ್ನೂ ಮುಗಿದಿಲ್ಲ.

ಉಳಿದವರು ಇವರೊಬ್ಬರೇ. ಐವತ್ತು ದಾಟಿದ ರಾಯಚೂರು ಕಡೆಯವರು. ಮನೆ ಫಿಲ್ಟರ್ ಹೌಸಿಗೆ ಹತ್ತು ಹೆಜ್ಜೆ, ಒಂದು ಮಂಚ ಒಳಗೂ ಇತ್ತು. ಎ ಪಾಳಿ, ಬಿ ಪಾಳಿ, ಸಿ ಪಾಳಿ ಮೂರೂ ಅವರವೇ.

ನಾನು ಎಸ್ಟೇಟ್ ಆಫೀಸಿನ ಗುಮಾಸ್ತ. ಕಾಲೊನಿಯ ದೂರಿನ ಪುಸ್ತಕ ನನ್ನ ಮೇಜಿನ ಮೇಲಿರುತ್ತಿತ್ತು. "ನಳದ ನೀರು ಇವತ್ತು ಯಾಕೋ ಒಂಥರಾ" ಎಂದು ಯಾರಾದರೂ ಬರೆದರೆ, ಆ 'ಒಂಥರಾ' ಯಾವ ಥರ ಎಂದು ಯೋಚಿಸಿಯೇ ನನಗೆ ಬೆವರು ಬರುತ್ತಿತ್ತು. ಕೂಡಲೇ ಫಿಲ್ಟರ್ ಹೌಸಿಗೆ ಓಡುತ್ತಿದ್ದೆ. ಯಾರೂ ಬರೆಯದ ದಿನವೂ ಓಡುತ್ತಿದ್ದೆ, ಯಾಕೆ ಯಾರೂ ಬರೆದಿಲ್ಲ ಎಂದು.

ಒಂದು ಮಧ್ಯಾಹ್ನ ಹೀಗೇ ಹೋದಾಗ ಆಪರೇಟರು ನನಗೆ ಸ್ಟೂಲು ಒರೆಸಿ ಕೊಟ್ಟರು. ಅದೇ ಅಪಶಕುನ. ಅಲ್ಲಿಯವರೆಗೆ ಎಂದೂ ಒರೆಸಿರಲಿಲ್ಲ.

"ಸಾಹೇಬ್ರ, ಸಣ್ಣ ಮಗಳ ಲಗ್ನ ಗೊತ್ತಾತ್ರಿ."

"ಛಲೋ ಆತಲ್ರಿ!"

"ನಾಲ್ಕ್ ದಿನ ರಜಾ ಬೇಕು. ಆಫೀಸರು ಅಂತಾರ, ನಿನ್ನ ಜಾಗಾಕ್ಕ ಒಬ್ಬರನ್ನ ನಿಂದರ್ಸಿ ಹೋಗು."

"ಯಾರದಾರ?"

ಅವರು ನನ್ನನ್ನೇ ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಮೋಟರು ಇತ್ತು.

"ಅಲ್ರೀ ಅಣ್ಣಾರ, ನನಗೇನ್ ಬರತೈತ್ರಿ?"

"ಈ ಫಿಲ್ಟರ್ ಹೌಸಿಗೆ ದಿನಾ ಬರಾವ್ರು ಇಬ್ಬರ ನೋಡ್ರಿ. ನಾ ಪಗಾರ ತೊಗೊಂಡು ಬರ್ತೀನಿ, ನೀವು ಹೆದರಿ ಬರ್ತೀರಿ. ಹನ್ನೊಂದು ವರ್ಷ ಆತು. ಯಾವ ವಾಲ್ವ್ ಎಷ್ಟು ಸುತ್ತು ತಿರುಗಬೇಕಂತ ನನಗ ಮರತಿದ್ರೂ ನಿಮಗ ನೆನಪೈತಿ."

ಅದು ನಿಜವೇ. ನಾಲ್ಕನೇ ವಾಲ್ವು ಏಳೂವರೆ ಸುತ್ತು. ಎಂಟು ಸುತ್ತಿದರೆ ಏನಾಗುತ್ತದೆ ಎಂದು ನಾನು ಎಷ್ಟೋ ಸಲ ಹಾಸಿಗೆಯಲ್ಲಿ ಮಲಗಿ ಯೋಚಿಸಿದ್ದೆ. ಆದರೂ ಒಪ್ಪಲಿಲ್ಲ. ಆಗ ಅವರು ಹಿರಿಯ ಮಗಳ ಮದುವೆಯ ಮಾತು ತೆಗೆದರು.

"ಆಕಿ ಲಗ್ನ ಇಲ್ಲೇ ಹಿಮಾಯತ್‌ನಗರದಾಗ ಇಟ್ಟಿದ್ವಿ. ಅಕ್ಕಿಕಾಳು ಕೈಯಾಗ ಹಿಡದು ನಿಂತೀನಿ, ಭಟ್ರು ಇನ್ನೇನ್ ಮುಹೂರ್ತ ಅನ್ನಾಕತ್ತಾರ, ಅಷ್ಟ್ರಾಗ ಸ್ಕೂಟರ್ ಬಂತು. ಮೋಟರ್ ನಿಂತೈತಿ, ಬಾ ಅಂದ್ರು. ಬಂದೆ. ಇಲ್ಲಿ ಮೋಟರ್ ಬಿಚ್ಚೂ ಮುಂದ ಪಾನಾ ತಗೀಬೇಕಂತ ಕಿಸೆದಾಗ ಕೈ ಹಾಕ್ತೀನಿ, ಅಕ್ಕಿಕಾಳು ಬಂದ್ವು."

"ಆಮ್ಯಾಲ?"

"ಆಮ್ಯಾಲೇನ್ರಿ, ಮೋಟರಿಗೇ ಹಾಕಿದೆ. ಅದೂ ಛಲೋ ಸಂಸಾರ ಮಾಡಾಕತ್ತೈತಿ."

ನಗುತ್ತಲೇ ಹೇಳಿದರು. ಆದರೆ ಹೇಳಿದ ಮೇಲೆ ಸ್ಟೂಲನ್ನು ಇನ್ನೊಮ್ಮೆ ಒರೆಸಿದರು, ನಾನು ಅದರ ಮೇಲೆ ಕೂತಿದ್ದರೂ. "ಅದಕ್ಕ ಈ ಸಲ ಲಗ್ನ ರಾಯಚೂರಾಗ ಇಟ್ಟೀನ್ರಿ. ಸ್ಕೂಟರ್ ಮುಟ್ಟಂಗಿಲ್ಲ" ಎಂದರು.

ಸ್ಕೂಟರ್ ಮುಟ್ಟದಿದ್ದರೂ ಫೋನು ಮುಟ್ಟುತ್ತಿತ್ತು. ಎಸ್ಟೇಟ್ ಆಫೀಸರು ತೆಲುಗಿನವರು, ಸಜ್ಜನರು, ಹೆದರಿಕೆಯಲ್ಲಿ ನನ್ನ ಮೇಲಧಿಕಾರಿಯಾಗುವ ಅರ್ಹತೆ ಪೂರ್ತಿ ಇದ್ದವರು. "ಏಮಂಡೀ, ಮೀರು ಚೇಸ್ತಾರಾ?" ಎಂದು ನನ್ನನ್ನು ಕೇಳಿದರು. ಮಾಡುತ್ತೇನೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ, ನನಗೂ ಬಂದಿರಲಿಲ್ಲ. ಕೊನೆಗೆ ಆಪರೇಟರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರು: ನೀರಿನಲ್ಲಿ ಯಾವುದೇ ದೋಷ ಕಂಡುಬಂದಲ್ಲಿ, ಫೋನು ಬಂದ ತಕ್ಷಣ, ಇದ್ದ ಸ್ಥಿತಿಯಲ್ಲಿ ಹೊರಟು ಬರತಕ್ಕದ್ದು. ಕಲ್ಯಾಣ ಮಂಟಪದ ನಂಬರನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಅದರ ಮೇಲೆ ಪೇಪರ್‌ವೇಟ್ ಕೂಡ ಇಟ್ಟರು, ಗಾಜಿನ ಕೆಳಗಿನಿಂದ ಹಾರಿಹೋದೀತೆಂದು.

ಹೊರಡುವ ಹಿಂದಿನ ದಿನ ಆಪರೇಟರು ನನಗೆ ಪಾಠ ಹೇಳಿದರು. ನೀರಿನಲ್ಲಿ ಔಷಧಿ ಸರಿಯಾಗಿದೆಯೇ ಎಂದು ನೋಡಲು ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಎರಡು ಹನಿ ದ್ರಾವಣ ಬಿಡಬೇಕು. ನೀರು ತಿಳಿ ಹಳದಿಗೆ ತಿರುಗಿದರೆ ಸರಿ. ಎಷ್ಟು ಹಳದಿ ಎಂದು ಹೋಲಿಸಿ ನೋಡುವ ಬಣ್ಣದ ಗಾಜು ಎಂದೋ ಒಡೆದಿತ್ತು. ಹೊಸದಕ್ಕೆ ಬರೆದ ಕಾಗದ ನನ್ನ ಫೈಲಿನಲ್ಲೇ ಇತ್ತು. ಅದರ ಬದಲು ಅವರು ಒಂದು ಸಣ್ಣ ಬಾಟಲಿಯಲ್ಲಿ ನಿಂಬೆಹುಳಿ ಪೆಪ್ಪರಮೆಂಟು ಇಟ್ಟುಕೊಂಡಿದ್ದರು.

"ನೀರು ಈ ಪೆಪ್ಪರಮೆಂಟಿನ ಬಣ್ಣಕ್ಕ ಬರಬೇಕ್ರಿ. ಹೆಚ್ಚಿಲ್ಲ, ಕಡಿಮಿಲ್ಲ. ಇದನ್ನ ತಿನ್ನಬ್ಯಾಡ್ರಿ ಮತ್ತ. ಇದು ಸರ್ಕಾರಿ."

"ಗಟಾರದ ಕಡೆ?"

"ಗಟಾರಕ್ಕ ಬಾಟ್ಲಿ ಬ್ಯಾಡ. ಮೂಗು ಐತಲ್ಲ? ಮೂಗಿನಂಥಾ ಮಶೀನ್ ಇನ್ನೊಂದಿಲ್ರಿ. ಏನರ ಅನುಮಾನ ಬಂದ್ರ ಮೊದಲ ಮೂಸಿ ನೋಡ್ರಿ, ಆಮ್ಯಾಲ ಹೆದರ್ರಿ."

ನಾನು ಈ ಎರಡನ್ನೂ ಯಾವಾಗಲೂ ತಿರುವುಮುರುವಾಗಿ ಮಾಡುತ್ತಿದ್ದೆ.

ಆಮೇಲೆ ಪಾಳಿಯ ರಿಜಿಸ್ಟರು ತೋರಿಸಿದರು. ಅದರಲ್ಲಿ 'ಪಾಳಿ ಒಪ್ಪಿಸಿದೆ', 'ಪಾಳಿ ವಹಿಸಿಕೊಂಡೆ' ಎಂದು ಎರಡು ಅಂಕಣ, ಪಕ್ಕದಲ್ಲಿ 'ದೋಷ'. ನಿಯಮದ ಪ್ರಕಾರ ಹೋಗುವವರು ಮೊದಲನೆಯದರಲ್ಲಿ, ಬರುವವರು ಎರಡನೆಯದರಲ್ಲಿ ರುಜು ಹಾಕಬೇಕು. ವರ್ಷಗಟ್ಟಲೆಯಿಂದ ಎರಡರಲ್ಲೂ ಒಂದೇ ರುಜು. ದಿನಕ್ಕೆ ಮೂರು ಸಲ ಅವರು ತಮಗೆ ತಾವೇ ಪಾಳಿ ಒಪ್ಪಿಸಿ, ತಮ್ಮಿಂದ ತಾವೇ ವಹಿಸಿಕೊಂಡಿದ್ದರು. ಯಾರೂ ಓದುವುದಿಲ್ಲವೆಂದು ದೋಷದ ಅಂಕಣವನ್ನು ಕನ್ನಡದಲ್ಲೇ ತುಂಬಿದ್ದರು. ಒಂದು ಕಡೆ ಹೀಗಿತ್ತು: "ಹಿಂದಿನ ಪಾಳಿಯವರು ನೆಲ ಒರೆಸಿಲ್ಲ. ಸಂಬಂಧಪಟ್ಟವರು ಗಮನಿಸಬೇಕು." ಅದರ ಕೆಳಗೆ, ಎಂಟು ತಾಸಿನ ನಂತರ: "ಗಮನಿಸಲಾಗಿದೆ. ಹಿಂದಿನ ಪಾಳಿಯವರಿಗೆ ಸೊಂಟ ನೋವು ಇತ್ತು." ಅದರ ಕೆಳಗೆ: "ಇದೇ ನೆಪ ಪದೇ ಪದೇ ಹೇಳುತ್ತಾರೆ."

ಒಬ್ಬನೇ ಕೆಲಸ ಮಾಡುವವನಿಗೆ ಜಗಳವಾಡಲಿಕ್ಕಾದರೂ ಯಾರಾದರೂ ಬೇಕಲ್ಲ.

ಅವರು ಹೆಂಡತಿ, ಮಗಳು, ಎರಡು ಟ್ರಂಕುಗಳೊಂದಿಗೆ ಹೋದರು. ನಾನು ರಿಜಿಸ್ಟರಿನಲ್ಲಿ ಪಾಳಿ ವಹಿಸಿಕೊಂಡೆ. ಹಗಲು ಆಫೀಸಿನ ಕೆಲಸದಿಂದ ನನಗೆ ಬಿಡುಗಡೆ ಸಿಕ್ಕಿತ್ತು, ರಾತ್ರಿ ಮಾತ್ರ ಮೋಟರು ನಿಲ್ಲಿಸಿ ಮನೆಗೆ ಹೋಗಿ ಮಲಗಬಹುದಿತ್ತು. ಬೆಳಿಗ್ಗೆ ಆರಕ್ಕೆ ನೀರು ಬಿಟ್ಟು ಏಳೂವರೆಗೆ ನಿಲ್ಲಿಸಬೇಕು. ಮೊದಲನೆಯ ಬೆಳಗು ನಾನು ನಾಲ್ಕೂವರೆಗೇ ಹೋಗಿ ಕೂತೆ. ನಳಿಗೆಗೆ ಹನಿ ಬಿಟ್ಟೆ, ಪೆಪ್ಪರಮೆಂಟಿನ ಪಕ್ಕ ಹಿಡಿದೆ, ಬಲ್ಬಿನ ಕೆಳಗೆ ಹಿಡಿದೆ, ಬಾಗಿಲ ಹೊರಗೆ ಹಿಡಿದೆ. ಆರು ಸಲ ಪರೀಕ್ಷೆ ಮಾಡಿದೆ, ಆರು ಸಲವೂ ಸರಿಯಾಗಿತ್ತು. ಅದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು. ಚಿಂತೆಯಲ್ಲಿ ಪೆಪ್ಪರಮೆಂಟನ್ನು ಮೂರು ಸಲ ಬಾಯಿಯ ಹತ್ತಿರ ಒಯ್ದಿದ್ದೆ. ಸರ್ಕಾರಿ ಎಂದು ನೆನಪಾಗಿ ವಾಪಸ್ ಇಟ್ಟೆ.

ನೀರು ಹೋಯಿತು. ಯಾರೂ ಸಾಯಲಿಲ್ಲ. ಎರಡನೆಯ ದಿನವೂ, ಮೂರನೆಯ ದಿನವೂ ಸಾಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕಾಲೊನಿಯ ಹೆಂಗಸರು ಕೆಲವರು ಕೂಡಿ ಮದುವೆಗೆ ಹೊರಟರು, ನನ್ನ ಹೆಂಡತಿಯೂ ಅವರ ಜೊತೆ. ಇಲ್ಲಿ ನನ್ನ ಸಂಸಾರದ ಎರಡು ಸಂಗತಿ ಹೇಳಬೇಕು.

ಒಂದು, ನಳದ್ದು. ದಿನಕ್ಕೆ ಒಂದು ಸಲ ನೀರು ಬರುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಮಲಗುವ ಮುಂಚೆ ಬಚ್ಚಲಿನ ನಳ ತಿರುಗಿಸಿ ಬಿಟ್ಟು, ಕೆಳಗೆ ಬಕೀಟು ಇಟ್ಟು ಮಲಗುತ್ತಿದ್ದೆವು. ಬೆಳಿಗ್ಗೆ ನೀರು ಬರುವ ಮುಂಚೆ ಪೈಪಿನಲ್ಲಿ ಗಾಳಿ ಬುಸ್ಸೆನ್ನುತ್ತದೆ, ಅದೇ ನಮ್ಮ ಅಲಾರಾಂ. ನಳ ಬಿಚ್ಚುವ ಕೆಲಸ ನನ್ನದು, ಬುಸ್ಸೆಂದಾಗ ಏಳುವ ಕೆಲಸ ಅವಳದು.

ಎರಡು, ಸಾಬೂನಿನ ಪುಡಿಯದು. ಹಿಂದಿನ ಭಾನುವಾರ ಬೇಗಂ ಬಜಾರಿನಲ್ಲಿ ಬಟ್ಟೆ ಒಗೆಯುವ ಪುಡಿ ಐದು ಕಿಲೋ ಬಿಡಿಯಾಗಿ ಕಟ್ಟಿಸಿಕೊಂಡು ಬಂದಿದ್ದೆ, ಮುಂದೆ ಸಿಗದೇ ಹೋದರೆ ಎಂಬ ಚಿಂತೆಗೆ. ನಿಂಬೆಹಣ್ಣಿನ ವಾಸನೆಯದು. ಬಸ್ಸಿನಲ್ಲಿ ಚೀಲದ ಬುಡ ಹರಿದಿತ್ತು.

"ಅಲ್ರಿ, ಐದು ಕಿಲೋ ಯಾಕ್ರಿ? ಊರ ಮಂದಿ ಅರಬಿ ಎಲ್ಲಾ ನಾನ ಒಗೀಬೇಕೇನು?" ಎನ್ನುತ್ತ ಅವಳು ಅದನ್ನು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಸುರುವಿ ಬಚ್ಚಲಿನ ಮೂಲೆಯಲ್ಲಿ ಇಟ್ಟಿದ್ದಳು. ಹೊರಡುವ ದಿನ ಬಚ್ಚಲು ತೊಳೆದು, ಬಕೀಟುಗಳನ್ನು ಬೋರಲು ಹಾಕಿ, ಆ ಟಬ್ಬನ್ನು ದಾರಿಗೆ ಅಡ್ಡ ಬಾರದ ಹಾಗೆ ನಳದ ಕೆಳಗೆ ಸರಿಸಿದಳು. "ಡ್ರಮ್ಮಿನಾಗ ನಿಮಗಾಗೂವಷ್ಟು ನೀರೈತಿ. ನಾಳೆ ತುಂಬೂದು ಬ್ಯಾಡ. ಗ್ಯಾಸ್ ಬಂದ್ ಮಾಡ್ರಿ, ಬೀಗ ಎರಡು ಸಲ ಜಗ್ಗಿ ನೋಡ್ರಿ" ಎಂದಳು.

ಬೀಗವನ್ನು ಎರಡೇ ಸಲ ಜಗ್ಗಿ ನೋಡಲು ನನಗೆ ಹೇಳುವುದು ಅವಮಾನವೇ ಸರಿ. ನಾನು ಆರು ಸಲ ಜಗ್ಗುವವನು.

ನಾಲ್ಕನೆಯ ಬೆಳಗು. ಎಂಟೂವರೆಗೆ ರಾಯಚೂರಿನಲ್ಲಿ ಮುಹೂರ್ತ. ನಾಲ್ಕೂವರೆಗೆ ಮನೆಗೆ ಬೀಗ ಹಾಕಿ, ಆರು ಸಲ ಜಗ್ಗಿ, ಫಿಲ್ಟರ್ ಹೌಸಿಗೆ ಬಂದೆ. ಆರಕ್ಕೆ ನಾಲ್ಕನೇ ವಾಲ್ವು ಏಳೂವರೆ ಸುತ್ತು ತಿರುಗಿಸಿದೆ. ನೀರು ಹೋಗುವ ಸದ್ದು ಕೇಳಿ ಮೊದಲ ಸಲ ಸ್ಟೂಲಿನ ಮೇಲೆ ಪೂರ್ತಿ ಕೂತೆ. ಮೂರು ದಿನ ಅದರ ಅಂಚಿನ ಮೇಲೆ ಕೂತಿದ್ದೆ. ಇನ್ನು ಎರಡೂವರೆ ತಾಸು, ಆಮೇಲೆ ಅಕ್ಕಿಕಾಳು ಬೀಳಬೇಕಾದಲ್ಲಿ ಬೀಳುತ್ತವೆ ಅಂದುಕೊಂಡೆ.

ಏಳು ಗಂಟೆಗೆ ನಮ್ಮ ಕೆಳಗಿನ ಮನೆಯ ಕಾಕಾ ಬಂದರು. ಧಾರವಾಡದ ಕಡೆಯವರು. ದೂರಿನ ಪುಸ್ತಕದ ಅರ್ಧ ಪುಟಗಳು ಅವರ ಕೈಬರಹದಲ್ಲೇ ಇದ್ದವು. ಕೈಯಲ್ಲಿ ಒಂದು ಬಕೀಟು, ಬಕೀಟಿನ ತುಂಬ ನೊರೆ.

"ಏನ್ ನೀರು ಬಿಟ್ಟೀಯೋ ಮಾರಾಯಾ? ನಮ್ಮ ಮನೀ ಮುಂದಿನ ಚೇಂಬರ್ ಉಕ್ಕೇರಿ ಅಂಗಳ ತುಂಬ ನೊರಿ ಬಂದೈತಿ! ಗಟಾರ ತಿರುಗಿ ಮ್ಯಾಲ ಬರಾಕತ್ತೈತಿ. ನಮ್ಮಾಕಿ ರಂಗೋಲಿ ಕಾಣವಲ್ದು!"

ನನ್ನ ಹೆದರಿಕೆಗಳ ಪಟ್ಟಿಯ ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು: ಎರಡು ಪೈಪುಗಳ ಗುಟ್ಟಿನ ಭೇಟಿ. ಬೇವಿನ ಮರಗಳ ಆಚೆಯ ತೊಟ್ಟಿಯಲ್ಲಿ ನೊರೆ ಏಳುವುದನ್ನು ದಿನಾ ನೋಡಿದವನು ನಾನು. ಅಂಥದೇ ಬೆಳ್ಳನೆ ನೊರೆ.

"ಆಫೀಸರ್‌ಗೆ ಹೇಳಬ್ಯಾಡ್ರಿ ಕಾಕಾ, ಒಂದ್ ನಿಮಿಷ ನೋಡ್ತೀನಿ..."

"ಹೇಳೇ ಬಂದೀನಿ. ಮೊದಲ ಅವರ ಮನೀಗೇ ಹೋಗಿದ್ದೆ."

ಅಷ್ಟರಲ್ಲಿ ಆಫೀಸರು ಲುಂಗಿಯ ಮೇಲೆ ಆಫೀಸಿನ ಶರ್ಟು ತೊಟ್ಟು ಬಂದೇಬಿಟ್ಟರು. ಬಕೀಟಿನೊಳಗೆ ಬಗ್ಗಿ ನೋಡಿದರು. ಎರಡು ಲೈನುಗಳೂ ಕೂಡಿಕೊಂಡಿವೆ, ಸಂಶಯವೇ ಇಲ್ಲ, ನೀರು ಬಂದ್ ಮಾಡು, ಆಪರೇಟರನ್ನು ಕರೆಸುತ್ತೇನೆ ಎಂದು ತೆಲುಗಿನಲ್ಲೂ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿ, ಪಕ್ಕದ ಎಸ್ಟೇಟ್ ಆಫೀಸಿನ ಬಾಗಿಲು ತೆರೆದರು. ಪೇಪರ್‌ವೇಟ್ ಎತ್ತಿಟ್ಟ ಸದ್ದು ನನಗೆ ಇಲ್ಲಿಗೆ ಕೇಳಿಸಿತು.

ವಾಲ್ವು ಮುಚ್ಚಿದೆ. ನಳಿಗೆಗೆ ಎರಡು ಹನಿ ಬಿಟ್ಟೆ. ಪೆಪ್ಪರಮೆಂಟಿನ ಬಣ್ಣವೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾದರೆ ಈ ನೊರೆ? ಆಗ ನೆನಪಾಯಿತು, ಮೊದಲು ಮೂಸಬೇಕು, ಆಮೇಲೆ ಹೆದರಬೇಕು. ಹೆದರಿ ಆಗಿತ್ತು. ಈಗಲಾದರೂ ಮೂಸೋಣವೆಂದು ಬಕೀಟಿಗೆ ಮೂಗು ಹಾಕಿದೆ.

ನಿಂಬೆಹಣ್ಣಿನ ವಾಸನೆ.

ನನ್ನ ಶರ್ಟಿನ ತೋಳು ಮೂಸಿ ನೋಡಿದೆ. ಅದೇ ವಾಸನೆ. ನಳದ ಕೆಳಗಿನ ಟಬ್ಬು, ಬೋರಲು ಬಿದ್ದ ಬಕೀಟುಗಳು, ಹಿಂದಿನ ರಾತ್ರಿ ಹಲ್ಲುಜ್ಜಿ, ಮನೆಯಲ್ಲಿ ಹೆಂಡತಿಯಿಲ್ಲವೆಂಬುದನ್ನು ಮರೆತು, ಕತ್ತಲಲ್ಲೇ ನಳ ತಿರುಗಿಸಿದ ನನ್ನ ಕೈ, ಎಲ್ಲವೂ ಒಂದೊಂದಾಗಿ ಕಣ್ಮುಂದೆ ಬಂದವು. ಐದು ಕಿಲೋ ಪುಡಿಯ ಮೇಲೆ ಒಂದು ತಾಸಿನಿಂದ ಜೋರಾಗಿ ನೀರು ಬಿಡುತ್ತಿದ್ದವನು ನಾನೇ, ಏಳೂವರೆ ಸುತ್ತು ತಿರುಗಿಸಿ, ಇಲ್ಲಿ ಕೂತು. ನಮ್ಮ ಬಚ್ಚಲಿನ ಪೈಪು ಗೋಡೆಗುಂಟ ಇಳಿದು ಸೇರುವುದು ಕಾಕಾನ ಬಾಗಿಲ ಮುಂದಿನ ಚೇಂಬರಿಗೆ.

"ಯಾಕಲೇ, ಅಂಗಿ ಮೂಸಾಕತ್ತೀ? ತಲಿ ಗಿಲಿ ಕೆಟ್ಟೈತೇನು?" ಎಂದರು ಕಾಕಾ.

ಈ ಮನುಷ್ಯನ ಎದುರಿಗೆ ನಿಜ ಹೇಳಿದರೆ ಮುಂದಿನ ಹತ್ತು ವರ್ಷ ನನ್ನ ಗತಿ ಏನೆಂದು ನನಗೆ ಗೊತ್ತಿತ್ತು. ಸುಮ್ಮನಿದ್ದರೆ ನೊರೆ ತಾನೇ ಇಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಪಕ್ಕದಲ್ಲಿ ಡಯಲ್ಲು ತಿರುಗುತ್ತಿತ್ತು, ಹುಡುಗಿಯ ಅಪ್ಪನ ಕೈಯಲ್ಲಿ ಅಕ್ಕಿಕಾಳು ಇರಬೇಕಾದ ಹೊತ್ತು ಹತ್ತಿರ ಬರುತ್ತಿತ್ತು. ಬಕೀಟು ಹಿಡಿದುಕೊಂಡೇ ಓಡಿದೆ. ನೊರೆ ಹಾರಿ ಕನ್ನಡಕಕ್ಕೆ ಹತ್ತಿತು. ಆಫೀಸರ ಕೋಣೆಯ ಬಾಗಿಲು ಎಂದುಕೊಂಡು ಮೊದಲು ಕಪಾಟಿನೊಳಗೆ ನುಗ್ಗಿದೆ.

ಆಫೀಸರ ಕಿವಿಯಲ್ಲಿ ರಿಸೀವರ್ ಇತ್ತು. ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ ಎಂದು ಒಬ್ಬ ಹೆಂಗಸು ಒಳಗಿನಿಂದ ಹಿಂದಿಯಲ್ಲಿ ಹೇಳುತ್ತಿದ್ದಳು. ಆ ತಾಯಿ ಯಾರೋ, ಎಲ್ಲಿದ್ದರೂ ಚೆನ್ನಾಗಿರಲಿ.

"ಸಾರ್, ಇಡ್ರಿ ಸಾರ್, ಪೆಟ್ಟೇಯಂಡಿ, ರಖ್ ದೀಜಿಯೇ! ಲೈನ್ ಕೂಡಿಲ್ಲ. ಇದು ನಮ್ಮ ಮನೆಯ ಸಾಬೂನು!"

ಆಫೀಸರು ಬಕೀಟು ನೋಡಿದರು, ನನ್ನನ್ನು ನೋಡಿದರು. ನಾನು ಬಕೀಟನ್ನು ಅವರ ಮೂಗಿನ ಹತ್ತಿರ ಹಿಡಿದೆ, ಆಮೇಲೆ ನನ್ನ ತೋಳನ್ನೂ ಹಿಡಿದೆ. ಎರಡನ್ನೂ ಮೂಸಿದರು. ಜೀವಮಾನದಲ್ಲಿ ನನ್ನ ತೋಳು ಮೂಸಿದ ಏಕಮಾತ್ರ ಮೇಲಧಿಕಾರಿ ಅವರು. ರಿಸೀವರನ್ನು ನಿಧಾನವಾಗಿ ಕೆಳಗಿಟ್ಟರು. ಚೀಟಿಯ ಮೇಲೆ ಪೇಪರ್‌ವೇಟ್ ಇಟ್ಟರು.

ನನ್ನ ಹಿಂದೆಯೇ ಬಂದಿದ್ದ ಕಾಕಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಊರಿಗೆಲ್ಲಾ ನೀರು ಬಿಡಾಂವಾ, ನಿನ್ನ ಮನೀ ನಳ ಬಂದ್ ಮಾಡಾಕ ಬರಂಗಿಲ್ಲೇನಲೇ?" ಎಂದರು. ನಂತರ ಸ್ವಲ್ಪ ಯೋಚಿಸಿ, "ನಮ್ಮ ಅಂಗಳ ಮಾತ್ರ ಭಾಳ ಸ್ವಚ್ಛ ಆತು" ಎಂದರು. ಅಂದೇ ದೂರಿನ ಪುಸ್ತಕ ತರಿಸಿಕೊಂಡು ಎರಡನ್ನೂ ಬರೆದರು.

ಮುಹೂರ್ತ ಎಂಟೂವರೆಗೇ ಆಯಿತಂತೆ. ಹುಡುಗಿಯ ಅಪ್ಪ ಅಕ್ಕಿಕಾಳು ಹಾಕಿದ್ದಲ್ಲದೆ, ಹಾಕಿದ ಮೇಲೆ ಕಿಸೆಯೊಳಗೆ ಕೈ ಹಾಕಿ ಒಂದೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡರಂತೆ. ಹೆಂಡತಿ ಬಂದು ಹೇಳಿದಳು. ಬಚ್ಚಲಿಗೆ ಹೋಗುವ ಮುಂಚೆ ಹೇಳಿದಳು. ಬಚ್ಚಲಿಂದ ಬಂದ ಮೇಲೆ ಹೇಳಿದ್ದು ಬೇರೆ.

ಐದನೆಯ ದಿನ ಬೆಳಿಗ್ಗೆ ಆಪರೇಟರು ಕೈಗೆ ಕಂಕಣದ ದಾರ, ಹಣೆಗೆ ಅರಿಶಿನ ಹಾಗೇ ಇಟ್ಟುಕೊಂಡು ಫಿಲ್ಟರ್ ಹೌಸಿಗೆ ಬಂದರು. ನನಗೆ ಬುಂದಿಲಾಡು ಕೊಟ್ಟು, ಪೆಪ್ಪರಮೆಂಟಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

"ನೆಕ್ಕೀರೇನ್ರಿ?"

"ಇಲ್ರಿ, ದೇವರಾಣಿ."

ರಿಜಿಸ್ಟರು ತೆರೆದೆ. 'ಪಾಳಿ ಒಪ್ಪಿಸಿದೆ' ಎಂಬಲ್ಲಿ ನಾನು ರುಜು ಹಾಕಿದೆ, 'ಪಾಳಿ ವಹಿಸಿಕೊಂಡೆ' ಎಂಬಲ್ಲಿ ಅವರು ಹಾಕಿದರು. ಒಂದೇ ಸಾಲಿನಲ್ಲಿ ಎರಡು ಬೇರೆ ರುಜುಗಳನ್ನು ಅವರು ಹೊಸ ಫೋಟೋ ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆಗೇ ತಿರುಗಿಸಿ, ಖಾಲಿಯಿದ್ದ ದೋಷದ ಅಂಕಣದ ಮೇಲೆ ಬೆರಳಿಟ್ಟರು.

"ಬರೀರಿ ಸಾಹೇಬ್ರ. ಖಾಲಿ ಬಿಟ್ರ ಮುಂದಿನ ಪಾಳಿಯವ್ರು ನಂಬಂಗಿಲ್ಲ."

ಬರೆದೆ: "ನಾಲ್ಕು ದಿನದಲ್ಲಿ ದೋಷ ಒಂದೇ. ಪಾಳಿಯವರ ಮನೆಯ ಬಚ್ಚಲಿನ ನಳ ಬಿಚ್ಚಿಯೇ ಇತ್ತು."